ಅಮ್ಮನ ಡೈರಿಯಲ್ಲಿ ಬಸ್ಸಾರು ಯಾಕಿಲ್ಲ?

ಮೂರನೇ ಸೆಮ್‌ನ ಇಂಟರ್ನಲ್ಸ್ ಮುಗಿದ ರಾತ್ರಿ ನಾವು ಮೂವರು ಸೇರಿಕೊಂಡು ಬಸ್ಸಾರು ಮಾಡಲು ಹೋಗಿ ಪೂರ್ತಿ ಫೇಲ್ ಆದೆವು. ಜಾಗ, ಕಾಲೇಜಿನ ಹಿಂದಿನ ರಸ್ತೆಯ ಒಂದು ಬಾಡಿಗೆ ರೂಮು. ಕೈಯಲ್ಲಿದ್ದದ್ದು ಒಂದು ಇಂಡಕ್ಷನ್ ಸ್ಟೌ, ಒಂದು ಕುಕ್ಕರ್, ಓನರ್ ಆಂಟಿ ಹತ್ತಿರ ಕೇಳಿ ತಂದ ಮಿಕ್ಸಿ. ನಮ್ಮಲ್ಲಿ ಒಬ್ಬ ಅರಸೀಕೆರೆಯವನು, ಒಬ್ಬ ಹಳೇಬೀಡಿನವನು, ಒಬ್ಬಳು ಬೇಲೂರಿನವಳು. ಮೂವರೂ ಹಲ್ಲು ಬಂದಾಗಿನಿಂದ ಬಸ್ಸಾರು ತಿಂದವರು. ಆದರೂ ಆ ರಾತ್ರಿ ಪಾತ್ರೆಯಲ್ಲಿ ಆದದ್ದು ಏನು ಅಂತ ಈಗಲೂ ನಮಗೆ ಗೊತ್ತಿಲ್ಲ.

ಮಧ್ಯದಲ್ಲಿ ಅರಸೀಕೆರೆಯವನು ಮನೆಗೆ ಫೋನ್ ಮಾಡಿದ.

"ಅಮ್ಮ, ಬಸ್ಸಾರು ಹೆಂಗೆ ಮಾಡೋದು?"

"ಅದರಲ್ಲಿ ಹೇಳೋಕೇನಿದೆ? ಕಾಳು, ಸೊಪ್ಪು ಬೇಯಿಸಿ ಬಸಿ. ಖಾರ ರುಬ್ಬಿ ಹಾಕು. ಕುದಿಸು."

"ಖಾರ ಎಷ್ಟು?"

"ಬೇಕಾದಷ್ಟು."

"ಎಷ್ಟು ಹೊತ್ತು ಕುದಿಸ್ಬೇಕು?"

"ವಾಸನೆ ಬರೋ ತನಕ."

"ಯಾವ ವಾಸನೆ?"

"ಬಸ್ಸಾರಿನ ವಾಸನೆ ಕಣೋ!"

ಸರಿ, ನಿನ್ನ ಅಡುಗೆ ಡೈರಿಯಲ್ಲಿ ಇರೋದನ್ನ ಫೋಟೋ ತೆಗೆದು ಕಳಿಸು ಅಂದ. ಆಗ ಬಂದ ಉತ್ತರವೇ ಈ ಲೇಖನಕ್ಕೆ ಕಾರಣ. "ಅದರಲ್ಲಿ ಬಸ್ಸಾರು ಇಲ್ಲ ಕಣಪ್ಪ. ಬಸ್ಸಾರನ್ನ ಯಾರಾದ್ರೂ ಬರ್ಕೊಳ್ತಾರಾ?"

ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಂದಿರುವ ಗೆಳೆಯರಿಗಾಗಿ ಒಂದು ಮಾತು. ಬಸ್ಸಾರು ಅಂದರೆ ಬಸಿದ ಸಾರು. ಕಾಳು ಅಥವಾ ಬೇಳೆಯನ್ನು ಸೊಪ್ಪಿನ ಜೊತೆ ಬೇಯಿಸಿ, ಆ ನೀರನ್ನು ಬಸಿದುಕೊಳ್ಳುತ್ತಾರೆ. ಅದು ಕಟ್ಟು. ಕಾಯಿ, ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಖಾರದ ಪುಡಿ, ಬೆಂದ ಕಾಳು ಸೊಪ್ಪು ಒಂದು ಹಿಡಿ, ಇಷ್ಟನ್ನೂ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಪಕ್ಕದಲ್ಲಿ ರಾಗಿ ಮುದ್ದೆ. ಹಾಸನ, ಮಂಡ್ಯ, ಮೈಸೂರು, ತುಮಕೂರು ಕಡೆ ಎಷ್ಟೋ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಇದೇ ಊಟ.

ವಾರಕ್ಕೊಮ್ಮೆ ಮಾಡುವ ಅಡುಗೆ ಡೈರಿಯಲ್ಲಿ ಇಲ್ಲ. ಹಾಗಾದರೆ ಡೈರಿಯಲ್ಲಿ ಇರೋದೇನು? ಸೆಮ್ ರಜೆಯಲ್ಲಿ ನಾವು ಮೂವರೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಅಡುಗೆಮನೆಯ ಪುಸ್ತಕಗಳನ್ನೆಲ್ಲಾ ಕೆಳಗಿಳಿಸಿ ನೋಡಿದೆವು. ಅದೇನು ರಿಸರ್ಚ್ ಅಲ್ಲ, ಸುಮ್ಮನೆ ಕುತೂಹಲ. ಆದರೆ ನೋಡಿ ಮುಗಿಸುವಷ್ಟರಲ್ಲಿ ನಮಗೊಂದು ಅಭಿಪ್ರಾಯ ಬಂದಿತ್ತು. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಮೂರು ಮನೆ, ಮೂರು ಶೆಲ್ಫ್

ಮೊದಲು ಅರಸೀಕೆರೆ. ರೈಲು ಜಂಕ್ಷನ್ ಇರುವ ಊರು, ಸುತ್ತ ತೆಂಗಿನ ತೋಟ. ಅಮ್ಮನ ಹತ್ತಿರ ಇದ್ದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಕಟಿಂಗ್. ಸುಧಾ, ತರಂಗ, ಪೇಪರಿನ ಪುರವಣಿ, ಯುಗಾದಿ ಮತ್ತು ದೀಪಾವಳಿ ವಿಶೇಷಾಂಕಗಳಿಂದ ಕತ್ತರಿಸಿದ ಅಡುಗೆ ಪುಟಗಳು ಒಂದು ದಪ್ಪ ಫೈಲಿನಲ್ಲಿ. ಕೆಲವು ಪುಟಗಳ ಹಿಂದೆ ಧಾರಾವಾಹಿಯ ಅರ್ಧ ಕಂತು ಇದೆ, ಕಥೆ ಏನಾಯಿತೋ ಗೊತ್ತಾಗಲ್ಲ. ಜೊತೆಗೆ ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಕೊಂಡ ನಾಲ್ಕೈದು ತೆಳು ಪುಸ್ತಕ, ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ಒಂದು ದಪ್ಪ ಪುಸ್ತಕ. ದಪ್ಪ ಪುಸ್ತಕ ಹೊಸದರ ಹಾಗೇ ಇದೆ. ತೆಳು ಪುಸ್ತಕವೊಂದರ ಮುಖಪುಟವೇ ಇಲ್ಲ, ಪುಟಗಳೆಲ್ಲ ಎಣ್ಣೆ ಕಲೆ. ಅಮ್ಮನಿಗೆ ಇಷ್ಟವಾದದ್ದು ಯಾವುದು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದೆವು. "ಇದರಲ್ಲಿ ಫೋಟೋ ಇಲ್ಲ. ಫೋಟೋ ಇದ್ರೆ ನಾವು ಮಾಡಿದ್ದು ಹಂಗೆ ಕಾಣಲ್ಲ ಅಂತ ಬೇಜಾರಾಗುತ್ತೆ" ಅಂದರು.

ಆಮೇಲೆ ಜಾವಗಲ್ ದಾಟಿ ಹಳೇಬೀಡು. ಇಲ್ಲಿ ಶೆಲ್ಫೇ ಇಲ್ಲ. ಕುಕ್ಕರ್ ಕೊಂಡಾಗ ಡಬ್ಬದ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆ ಒಂದು, ಅದೂ ಗ್ಯಾರಂಟಿ ಕಾರ್ಡ್ ಅದರೊಳಗಿದೆ ಅಂತ ಇಟ್ಟದ್ದು. ಈ ಮನೆಯಲ್ಲಿ ಅಡುಗೆ ಮಾಡುವುದು ದೊಡ್ಡಮ್ಮ. ಅವರಿಗೆ ಓದಲು ಬರುವುದಿಲ್ಲ. ಹಾಗಂತ ಅವರ ಹತ್ತಿರ ಸಂಗ್ರಹ ಇಲ್ಲ ಅಂದುಕೊಳ್ಳಬೇಡಿ. ಫೋನ್ ತೆಗೆದು ಮೈಕಿನ ಗುರುತು ಒತ್ತಿ "ಮೈಸೂರ್ ಪಾಕ್ ಮಾಡೋದು ತೋರ್ಸು" ಅಂತಾರೆ, ಯೂಟ್ಯೂಬ್ ತೋರಿಸುತ್ತೆ. ಇಷ್ಟವಾದದ್ದನ್ನು ಸೇವ್ ಮಾಡಿಡಲು ಮೊಮ್ಮಗಳು ಕಲಿಸಿದ್ದಾಳೆ. ಅಕ್ಷರ ಬಾರದವರಿಗೆ ಸಿಕ್ಕ ಮೊದಲ ಅಡುಗೆ ಪುಸ್ತಕ ಯೂಟ್ಯೂಬ್. ಅಡುಗೆ ವಿಡಿಯೋ ಅಂದರೆ ಟೈಂಪಾಸ್ ಅಂತ ನಗುತ್ತಿದ್ದ ನಮಗೆ ಅವತ್ತು ಸ್ವಲ್ಪ ನಾಚಿಕೆ ಆಯಿತು.

ಅಲ್ಲಿಂದ ಬೇಲೂರು 16 ಕಿಲೋಮೀಟರ್. ಬೇಲೂರಿನ ಅಜ್ಜಿಯದು ನಿಜವಾದ ಕೈಬರಹದ ಪುಸ್ತಕ. ಯಾವುದೋ ಬ್ಯಾಂಕಿನವರು ಕೊಟ್ಟ ಹಳೇ ಡೈರಿ, ತಾರೀಖಿನ ಮೇಲೇ ಬರೆದಿದ್ದಾರೆ. ಮಾರ್ಚ್ ತಿಂಗಳು ಪೂರ್ತಿ ಉಪ್ಪಿನಕಾಯಿ, ಜುಲೈನಲ್ಲಿ ಕೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅಜ್ಜಿಯ ಅಕ್ಷರ ಓದಲು ಅರ್ಧ ಗಂಟೆಗೆ ಒಂದು ಪುಟ ಆಯಿತು. ಅಂಕಿಗಳು ಕನ್ನಡದ ಅಂಕಿ. ಅಳತೆ ಪಾವು, ಚಟಾಕು, ಅಚ್ಚೇರು. ಪಾವು ಅಂದರೆ ಸೇರಿನ ಕಾಲು ಭಾಗ, ಅಚ್ಚೇರು ಅರ್ಧ ಸೇರು, ಚಟಾಕು ಅಂದರೆ ಪಾವಿನ ಕಾಲು ಭಾಗ ಅಂತ ಅಜ್ಜಿಯೇ ಹೇಳಿಕೊಟ್ಟರು. 1956ರ ಕಾಯ್ದೆಯಿಂದ ದೇಶಕ್ಕೆ ಮೆಟ್ರಿಕ್ ಅಳತೆ ಬಂತು ಅಂತ ನಾವು ಪುಸ್ತಕದಲ್ಲಿ ಓದಿದ್ದೇವೆ. ಅದು ಅಜ್ಜಿಯ ಅಡುಗೆಮನೆಗೆ ಇನ್ನೂ ಬಂದಿಲ್ಲ.

ಅಜ್ಜಿಯ ಡೈರಿಯಲ್ಲಿ 61 ಅಡುಗೆ ಇದ್ದವು. ಕೂತು ಎಣಿಸಿದೆವು. 34 ಸಿಹಿ ತಿಂಡಿ. 9 ಉಪ್ಪಿನಕಾಯಿ. ಉಳಿದದ್ದು ಕೇಕು, ಬಿಸ್ಕತ್ತು, ಕುರ್ಮ, ಫ್ರೈಡ್ ರೈಸ್, ಪಾನಿಪುರಿ. ಅಕ್ಕಿ ರೊಟ್ಟಿ ಇಲ್ಲ. ಕಡುಬು ಇಲ್ಲ. ಕಳಲೆ ಪಲ್ಯ ಇಲ್ಲ. ಅರಸೀಕೆರೆಯ ಫೈಲಿನಲ್ಲಿ ಗೋಬಿ ಮಂಚೂರಿ ಮೂರು ಸಲ ಇದೆ, ಹುಚ್ಚೆಳ್ಳು ಚಟ್ನಿ ಒಂದು ಸಲವೂ ಇಲ್ಲ. ಹಳೇಬೀಡಿನ ದೊಡ್ಡಮ್ಮನ ಫೋನಿನಲ್ಲಿ ಪನೀರ್ ಇದೆ, ನಾಟಿ ಕೋಳಿ ಸಾರು ಇಲ್ಲ. ಮೂರೂ ಮನೆಯಲ್ಲಿ ಬಸ್ಸಾರು ಇಲ್ಲ.

ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ

ಕಾರಣ ತುಂಬಾ ಸರಳ. ಯಾರಾದರೂ ಬರೆದುಕೊಳ್ಳುವುದು ತಮಗೆ ಗೊತ್ತಿಲ್ಲದ್ದನ್ನು. ನಾವು ಕ್ಲಾಸಿನಲ್ಲಿ ನೋಟ್ಸ್ ಬರೆಯುವುದೂ ಹಾಗೇ ಅಲ್ವಾ? ಎರಡು ಪ್ಲಸ್ ಎರಡು ನಾಲ್ಕು ಅಂತ ಯಾರೂ ಬರೆಯುವುದಿಲ್ಲ. ಅಮ್ಮಂದಿರ ಡೈರಿ ಅವರ ಅಡುಗೆಯ ದಾಖಲೆ ಅಲ್ಲ. ಅದು ಅವರಿಗೆ ಬರದೇ ಇದ್ದ ಅಡುಗೆಯ ದಾಖಲೆ. ಪಕ್ಕದ ಮನೆಯವರು ಕೊಟ್ಟ ಬರ್ಫಿ, ಮಗಳ ಬರ್ತ್‌ಡೇಗೆ ಬೇಕಾದ ಕೇಕು, ಟಿವಿಯಲ್ಲಿ ನೋಡಿದ ಕುರ್ಮ. ದಿನಾ ಮಾಡುವುದು ಕೈಯಲ್ಲೇ ಇತ್ತು, ಪೆನ್ ಬೇಕಾಗಲಿಲ್ಲ.

ಅಚ್ಚಾದ ಪುಸ್ತಕಗಳೂ ನಮ್ಮ ಊರಿನ ದಿನನಿತ್ಯದ ಊಟದ ಹತ್ತಿರ ಬರುವುದು ಅಪರೂಪ. ಹಾಗಂತ ಕನ್ನಡದಲ್ಲಿ ಅಡುಗೆ ಬರೆದಿಡುವ ಅಭ್ಯಾಸ ಹೊಸದೇನಲ್ಲ. ಎರಡನೇ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಬೇಸಾಯ, ವೈದ್ಯ, ಅಂತರ್ಜಲ ಹುಡುಕುವ ವಿದ್ಯೆಯ ಜೊತೆಗೆ ಅಡುಗೆಗೂ ಒಂದು ಅಧ್ಯಾಯ ಇದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ. ಅಂದರೆ ಕನ್ನಡದ ಅಡುಗೆ ಬರವಣಿಗೆ ಆ ದೇವಸ್ಥಾನಕ್ಕಿಂತ ಸುಮಾರು ತೊಂಬತ್ತು ವರ್ಷ ಹಳೆಯದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟದ ವಿವರ ಬರುತ್ತೆ, ಮಾಂಸದ ಅಡುಗೆಯೂ ಸೇರಿ. 16ನೇ ಶತಮಾನದ ಮೊದಲ ಭಾಗದಲ್ಲಿ ಜೈನ ಕವಿ ಮೂರನೇ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದ, ಪೂರ್ತಿ ಸಸ್ಯಾಹಾರ. ಛಂದಸ್ಸಿನಲ್ಲಿ ರೆಸಿಪಿ! ನಾವು ಲ್ಯಾಬ್ ರೆಕಾರ್ಡ್ ಬರೆಯೋಕೇ ಅಳುತ್ತೇವೆ.

ಆದರೆ ಗಮನಿಸಿ, ಬರೆದವರು ರಾಜರು, ಕವಿಗಳು, ಪಂಡಿತರು. ಒಲೆ ಮುಂದೆ ದಿನಾ ಕೂತವರು ಬರೆದದ್ದಲ್ಲ. ಮನೆಯ ಹೆಂಗಸರೇ ಬರೆದ ಪುಸ್ತಕಗಳು ಹೆಸರು ಮಾಡಿದ್ದು ಹಿಂದಿನ ಶತಮಾನದಲ್ಲಿ. ತಮಿಳಿನಲ್ಲಿ ಮೀನಾಕ್ಷಿ ಅಮ್ಮಾಳ್ 1951ರಲ್ಲಿ 'ಸಮೈತ್ತು ಪಾರ್' ತಂದರು. ಮದುವೆಯಾಗಿ ಹೋಗುವ ಹುಡುಗಿಯರ ಸೂಟ್‌ಕೇಸಿನಲ್ಲಿ ಅದು ಇರುತ್ತಿತ್ತು. ಮರಾಠಿಯಲ್ಲಿ ಕಮಲಾಬಾಯಿ ಓಗಲೆಯವರ 'ರುಚಿರಾ' 1970ರಲ್ಲಿ ಬಂತು. ಅರ್ಜುನ್ ಅಪ್ಪಾದುರೈ ಅನ್ನುವ ವಿದ್ವಾಂಸರು 1988ರಲ್ಲಿ ಭಾರತದ ಅಡುಗೆ ಪುಸ್ತಕಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು. ನಗರದ ಮಧ್ಯಮ ವರ್ಗದ ಹೆಂಗಸರು ಬೇರೆ ಬೇರೆ ಪ್ರಾಂತ್ಯದ ಅಡುಗೆಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡು, ಪುಸ್ತಕಗಳ ಮೂಲಕ 'ಭಾರತೀಯ ಅಡುಗೆ' ಅನ್ನುವ ಕಲ್ಪನೆ ಹೇಗೆ ಕಟ್ಟಿದರು ಅನ್ನುವುದು ಅದರ ವಿಷಯ. ಅರಸೀಕೆರೆಯ ಫೈಲು ನೋಡಿದ ಮೇಲೆ ನಮಗೆ ಆ ಮಾತು ಸರಿಯಾಗಿ ಅರ್ಥವಾಯಿತು. ಆ ಫೈಲಿನಲ್ಲಿ ಪಂಜಾಬ್ ಇದೆ, ಗುಜರಾತ್ ಇದೆ, ಚೈನಾ ಕೂಡ ಇದೆ. ಅರಸೀಕೆರೆ ಇಲ್ಲ.

ಇನ್ನೊಂದು ತಮಾಷೆ ಕೇಳಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಕ್ರಿ.ಶ. 450ರ ಸುಮಾರಿನದು ಅಂತ ಹೇಳುವ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಂತ ಕೆತ್ತಿದವರ ಹೆಸರೇ ಇದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಕಲ್ಲಿನ ಮೇಲೆ ಹೆಸರು ಬರೆದು ಬಿಟ್ಟುಹೋದ ಊರು ನಮ್ಮದು. ಅದೇ ಊರಿನಲ್ಲಿ ನಮ್ಮ ಅಜ್ಜಿ ಕಡುಬಿಗೆ ಅಕ್ಕಿ ತರಿ ಎಷ್ಟು ದಪ್ಪ ಇರಬೇಕು ಅಂತ ಒಂದು ಚೀಟಿಯಲ್ಲೂ ಇಲ್ಲ.

ಖಾಲಿಯಾದ ಡಬ್ಬ

ಬರೆಯದಿದ್ದರೆ ಏನಾಯಿತು, ಇಷ್ಟು ದಿನ ನಡೆದಿಲ್ವಾ ಅಂತ ಕೇಳಬಹುದು. ನಡೆದಿದೆ, ಯಾಕೆಂದರೆ ಪಕ್ಕದಲ್ಲಿ ಯಾರಾದರೂ ನಿಂತು ನೋಡುತ್ತಿದ್ದರು. ಅಜ್ಜಿ ಅವರ ಅತ್ತೆಯ ಪಕ್ಕ ನಿಂತು ಕಲಿತರು, ಅಮ್ಮ ಅಜ್ಜಿಯ ಪಕ್ಕ. ಹತ್ತು ವರ್ಷದ ಇಂಟರ್ನ್‌ಶಿಪ್ ಅದು. ನಾವು ನಿಂತಿಲ್ಲ. ಹೈಸ್ಕೂಲಿನಲ್ಲಿ ಟ್ಯೂಷನ್, ಪಿಯುಸಿಯಲ್ಲಿ ಸಿಇಟಿ ಕೋಚಿಂಗ್, ಈಗ ಹಾಸ್ಟೆಲ್. "ನೀನು ಓದ್ಕೋ ಹೋಗು, ಅಡುಗೆಮನೆಗೆ ಬರ್ಬೇಡ" ಅಂತ ಅವರೇ ಕಳಿಸಿದರು, ಪ್ರೀತಿಯಿಂದಲೇ. ಅದಕ್ಕೆ ಬೆಲೆ ಏನು ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಅರಸೀಕೆರೆಯ ಮನೆಯಲ್ಲಿ ಅದರ ಬೆಲೆ ಈಗ ಗೊತ್ತಾಗಿದೆ. ಅಲ್ಲಿಯ ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮನೆಗೆಲ್ಲಾ ಸಾರಿನ ಪುಡಿ ಮಾಡಿಸುತ್ತಿದ್ದವರು ಅವರೇ. ಅವರು ಹೋದ ಮೇಲೂ ಡಬ್ಬದಲ್ಲಿದ್ದ ಪುಡಿ ಮೂರು ತಿಂಗಳು ಬಂತು. ಖಾಲಿಯಾಗುತ್ತಾ ಬಂದ ಹಾಗೆ ಅಮ್ಮ ಚಮಚದ ಅಳತೆ ಕಡಿಮೆ ಮಾಡುತ್ತಾ ಬಂದರು. ಮುಗಿದ ಮೇಲೆ ಅವರೇ ಮಾಡಿದರು. ಮೆಣಸಿನಕಾಯಿ, ದನಿಯ, ಜೀರಿಗೆ, ಮೆಂತ್ಯ, ಮೆಣಸು, ಏನೇನು ಹಾಕುತ್ತಾರೆ ಅಂತ ಗೊತ್ತು. ಎಷ್ಟೆಷ್ಟು ಅಂತ ಗೊತ್ತಿಲ್ಲ. ಯಾವುದನ್ನು ಎಷ್ಟು ಹುರಿಯುತ್ತಿದ್ದರು ಅಂತ ಗೊತ್ತಿಲ್ಲ. ನಾಲ್ಕು ಸಲ ಮಾಡಿಯಾಯಿತು. ನಾಲ್ಕು ಸಲವೂ ಅಪ್ಪ ಒಂದು ತುತ್ತು ತಿಂದು ಒಂದೇ ಮಾತು ಹೇಳಿದರು. "ಚೆನ್ನಾಗಿದೆ. ಆದ್ರೆ ಅವ್ವಂದಲ್ಲ."

ಆ ಡಬ್ಬವನ್ನು ಅಮ್ಮ ಇನ್ನೂ ತೊಳೆದಿಲ್ಲ.

ಇದು ಬರೀ ಸೆಂಟಿಮೆಂಟ್ ಅನ್ನಿಸಿದರೆ ಇನ್ನೊಂದು ಉದಾಹರಣೆ ಕೊಡುತ್ತೇವೆ. ಮಳೆಗಾಲದಲ್ಲಿ ಬೇಲೂರಿನ ಕಡೆ ಕಳಲೆ ತಿನ್ನುತ್ತಾರೆ, ಅಂದರೆ ಎಳೆ ಬಿದಿರು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತೆ. ಅದಕ್ಕೇ ಅಜ್ಜಿ ಅದನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಎರಡು ಮೂರು ದಿನ ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸುತ್ತಾರೆ. ಅಜ್ಜಿಗೆ ಸಯನೈಡ್ ಅನ್ನುವ ಪದ ಗೊತ್ತಿಲ್ಲ, ಕೆಲಸ ಗೊತ್ತು. ನಮಗೆ ಕೆಮಿಸ್ಟ್ರಿಯಲ್ಲಿ ಪದ ಗೊತ್ತು, ಕೆಲಸ ಗೊತ್ತಿಲ್ಲ. ಅಜ್ಜಿಯ ಡೈರಿಯಲ್ಲಿ ಕಳಲೆ ಇಲ್ಲದಿರುವುದು ಬರೀ ರುಚಿಯ ನಷ್ಟ ಅಲ್ಲ.

ಬೆರಕೆ ಸೊಪ್ಪಿನ ಕಥೆಯೂ ಅಷ್ಟೇ. ಪುಸ್ತಕದಲ್ಲಿ 'ಸೊಪ್ಪು: ಒಂದು ಕಟ್ಟು' ಅಂತ ಇರುತ್ತೆ. ಹಳೇಬೀಡಿನ ದೊಡ್ಡಮ್ಮ ಹೊಲದ ಬದುವಿನಲ್ಲಿ ಹತ್ತು ನಿಮಿಷ ಓಡಾಡಿ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ ಸೊಪ್ಪು ಮಡಿಲು ತುಂಬಾ ಕಿತ್ತುಕೊಂಡು ಬಂದರು. ನಾವು ಹಿಂದೆ ಹೋಗಿ ಕಿತ್ತದ್ದರಲ್ಲಿ ಅರ್ಧವನ್ನು "ಇದು ದನಾನೂ ತಿನ್ನಲ್ಲ" ಅಂತ ಎಸೆದರು.

ಮೂರು ಆಕ್ಷೇಪಣೆ

ಈ ವಿಷಯ ಕ್ಲಾಸಿನಲ್ಲಿ ಹೇಳಿದಾಗ ಮೂರು ಆಕ್ಷೇಪಣೆ ಬಂದವು.

ಒಂದನೆಯದು, ಎಲ್ಲಾ ಯೂಟ್ಯೂಬ್‌ನಲ್ಲಿ ಇದೆಯಲ್ಲ? ಇದೆ, ಚೆನ್ನಾಗಿಯೂ ಇದೆ. ಕಾಸರಗೋಡು ಕಡೆಯ 'ಭಟ್ ಎನ್ ಭಟ್' ನೋಡಿ. ತಮ್ಮ ಮನೆಯ ಹಲಸು, ತಮ್ಮ ಮನೆಯ ಸೊಪ್ಪು, ತಮ್ಮ ಮಾತಿನಲ್ಲೇ ತೋರಿಸುತ್ತಾರೆ. ಅದು ಗೆದ್ದಿರುವುದೇ ಅದಕ್ಕೆ. ಅವರು ಅವರ ಊರಿನದು ತೋರಿಸಿದರು, ನಮ್ಮ ಊರಿನದು ತೋರಿಸಬೇಕಾದವರು ನಾವು. ಅರಸೀಕೆರೆಯಿಂದ ಬೇಲೂರಿಗೆ ಹೋಗುವಷ್ಟರಲ್ಲೇ ತಟ್ಟೆ ಬದಲಾಗುತ್ತೆ. ಅಲ್ಲಿ ಕೊಬ್ಬರಿ, ರಾಗಿ. ಮಧ್ಯದಲ್ಲಿ ಆಲೂಗಡ್ಡೆ, ಜೋಳದ ಹೊಲ. ಈ ಕಡೆ ಅಕ್ಕಿ, ಕಾಫಿ, ಮೆಣಸು. ಬಸ್ಸಾರು ಅಂತ ಹುಡುಕಿದರೆ ಯಾರದೋ ಬಸ್ಸಾರು ಸಿಗುತ್ತೆ, ರುಚಿಯಾಗಿಯೂ ಇರುತ್ತೆ. ಆದರೆ ಅಪ್ಪ ಹೇಳಿದ ಹಾಗೆ, ಅವ್ವಂದಲ್ಲ.

ಎರಡನೆಯದು, ಅಡುಗೆ ಕೈರುಚಿಯ ವಿಷಯ, ಅಳತೆ ಹಿಡಿದು ಬರೆದರೆ ಸತ್ತುಹೋಗುತ್ತೆ. ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ ಅಂತ ನಾವೂ ಅಂದುಕೊಂಡಿದ್ದೆವು. ಪರೀಕ್ಷೆ ಮಾಡೋಣ ಅಂತ ಅರಸೀಕೆರೆಯಲ್ಲಿ ಒಂದು ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಕೂತೆವು. ಅಮ್ಮ ಹುರುಳಿಕಾಳು ಹಿಡಿ ಹಿಡಿಯಾಗಿ ಹಾಕಿದರು. ಮೂರು ಹಿಡಿಗೂ ನಡುವೆ ವ್ಯತ್ಯಾಸ ಬಂದದ್ದು ನಾಲ್ಕು ಗ್ರಾಂ. ನಮ್ಮ ಮೂವರ ಹಿಡಿ ತೂಗಿದರೆ ಇಪ್ಪತ್ತು ಗ್ರಾಂ ಮೇಲೆ ಕೆಳಗೆ. ಅಂದರೆ ಕೈರುಚಿ ಅಂತ ನಾವು ಹೇಳುವುದರಲ್ಲಿ ಒಂದು ಪಾಲು ಅಳತೆಯೇ. ಕಣ್ಣಂದಾಜು ಅಂದರೆ ಅಂದಾಜಲ್ಲ, ವರ್ಷಗಟ್ಟಲೆ ಕ್ಯಾಲಿಬ್ರೇಟ್ ಮಾಡಿದ ಉಪಕರಣ. 'ಏನೋ ಮ್ಯಾಜಿಕ್' ಅಂತ ಹೊಗಳಿ ಸುಮ್ಮನಾದರೆ ಅವರ ವಿದ್ಯೆಯನ್ನು ವಿದ್ಯೆ ಅಂತ ಒಪ್ಪಿಕೊಂಡ ಹಾಗೆ ಆಗುವುದಿಲ್ಲ.

ಮೂರನೆಯ ಆಕ್ಷೇಪಣೆ ಬಂದದ್ದು ಅಮ್ಮನಿಂದ. ನಾವು ತಕ್ಕಡಿ, ಪೆನ್ನು, ಫೋನು ಹಿಡಿದು ಒಂದು ಗಂಟೆ ಹಿಂದೆ ಹಿಂದೆ ಓಡಾಡಿದ ಮೇಲೆ ಅವರು ಸೌಟು ಕೆಳಗಿಟ್ಟು ಕೇಳಿದರು. "ಎಲ್ಲಾ ಬರ್ಕೊಂಡ್ರಿ, ಸರಿ. ನಾಳೆ ಇದನ್ನ ಮಾಡೋರು ಯಾರು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಮ್ಮಲ್ಲಿ ಇಬ್ಬರು ಹುಡುಗರು. ನಾವು 'ಪರಂಪರೆ', 'ದಾಖಲೀಕರಣ' ಅಂತ ದೊಡ್ಡ ಮಾತಾಡುತ್ತಿದ್ದಾಗ ಬೇಲೂರಿನವಳು ಅಮ್ಮನ ಜೊತೆ ಕಾಯಿ ತುರಿಯುತ್ತಿದ್ದಳು. ಅವಳಿಗೆ ಯಾರೂ ತುರಿ ಅಂತ ಹೇಳಿರಲಿಲ್ಲ. ನಮಗೆ ಯಾರೂ ಬೇಡ ಅಂತಲೂ ಹೇಳಿರಲಿಲ್ಲ. ಅಡುಗೆಯನ್ನು ಪಿಡಿಎಫ್ ಮಾಡಿ ಡ್ರೈವ್‌ಗೆ ಹಾಕಿದರೆ ಉಳಿದ ಹಾಗಾಯಿತು ಅಂತ ಅಂದುಕೊಳ್ಳುವುದು, ಸೀನಿಯರ್ ರೆಕಾರ್ಡ್ ಕಾಪಿ ಮಾಡಿ ಎಕ್ಸ್‌ಪೆರಿಮೆಂಟ್ ಮಾಡಿದೆವು ಅಂದುಕೊಂಡ ಹಾಗೆ. ಮಂಗರಸನ ಸೂಪಶಾಸ್ತ್ರ ಐನೂರು ವರ್ಷದಿಂದ ಉಳಿದಿದೆ, ಸರಿ. ಆದರೆ ನಮ್ಮಲ್ಲಿ ಅದನ್ನು ನೋಡಿ ಅಡುಗೆ ಮಾಡಿದವರು ಎಷ್ಟು ಜನ?

ಇದಕ್ಕಿಂತ ಮುಜುಗರದ ವಿಷಯ ಇನ್ನೊಂದಿದೆ. ಆ ಫೈಲು, ಆ ಡೈರಿ, ಆ ಸೇವ್ ಮಾಡಿದ ವಿಡಿಯೋ, ಎಲ್ಲದರಲ್ಲೂ ಮಕ್ಕಳಿಗೆ ಇಷ್ಟ ಅಂತ, ಯಜಮಾನರಿಗೆ ಇಷ್ಟ ಅಂತ, ಬರುವ ನೆಂಟರಿಗೆ ಇರಲಿ ಅಂತ ಸೇರಿಸಿದ್ದೇ ಇತ್ತು. ನಿಮಗೆ ಇಷ್ಟವಾದದ್ದು ಯಾವುದು ಅಂತ ಮೂರೂ ಮನೆಯಲ್ಲಿ ಕೇಳಿದೆವು. ಅರಸೀಕೆರೆಯ ಅಮ್ಮ "ನಂಗೇನು, ಏನಾದ್ರೂ ಆಗುತ್ತೆ" ಅಂದರು. ದೊಡ್ಡಮ್ಮ ನಕ್ಕು ಸುಮ್ಮನಾದರು. ಬೇಲೂರಿನ ಅಜ್ಜಿ ಮಾತ್ರ ಸ್ವಲ್ಪ ಯೋಚಿಸಿ, "ನಿನ್ನೆಯ ಕಡುಬು, ಬೆಳಗ್ಗೆ ಒಗ್ಗರಣೆ ಹಾಕಿದ್ದು, ಒಬ್ಬಳೇ ಕೂತು ತಿನ್ನೋಕೆ" ಅಂದರು. ಎಂಬತ್ತು ವರ್ಷದ ಹತ್ತಿರ ಅವರಿಗೆ. ಆ ಪ್ರಶ್ನೆಯನ್ನು ಅವರ ಮೊಮ್ಮಗಳು ಕೇಳಿದ್ದು ಅವತ್ತೇ ಮೊದಲು.

ನಮ್ಮ ಮಾತು ಇಷ್ಟೇ

ಅಡುಗೆ ಪುಸ್ತಕ ಕೊಳ್ಳಬೇಡಿ, ಯೂಟ್ಯೂಬ್ ನೋಡಬೇಡಿ ಅಂತ ನಾವು ಹೇಳುತ್ತಿಲ್ಲ. ಆ ಡೈರಿಗಳನ್ನು ಹೀಗಳೆಯುತ್ತಲೂ ಇಲ್ಲ. ಬೇಲೂರಿನ ಅಜ್ಜಿ ಓವನ್ ಇಲ್ಲದೆ, ಮರಳು ತುಂಬಿದ ಪಾತ್ರೆಯೊಳಗೆ ಡಬ್ಬ ಇಟ್ಟು ಕೇಕು ಮಾಡಿದ್ದನ್ನು ಬರೆದಿದ್ದಾರೆ, ಅದು ನಮ್ಮ ಯಾವ ಮಿನಿ ಪ್ರಾಜೆಕ್ಟ್‌ಗೂ ಕಡಿಮೆ ಇಲ್ಲ. ನಾವು ಹೇಳುವುದು, ಆ ಡೈರಿಗಳಲ್ಲಿ ಖಾಲಿ ಬಿಟ್ಟ ಪುಟಗಳು ನಮ್ಮ ಪಾಲಿನವು. ಅವರಿಗೆ ಗೊತ್ತಿತ್ತು, ಅದಕ್ಕೆ ಬರೆಯಲಿಲ್ಲ. ನಮಗೆ ಗೊತ್ತಿಲ್ಲ. ಹಾಗಾಗಿ ಬರೆಯಬೇಕಾದವರು ನಾವೇ.

ಈ ಸಲ ಊರಿಗೆ ಹೋದಾಗ ನೀವೂ ಒಂದು ಅಡುಗೆ ಬರೆದುಕೊಂಡು ಬನ್ನಿ. ಹಬ್ಬದ್ದು ಬೇಡ, ಹೋಳಿಗೆ ಎಲ್ಲಾ ಕಡೆ ಸಿಗುತ್ತೆ. ಮಂಗಳವಾರ ರಾತ್ರಿ ನಿಮ್ಮ ಮನೆಯಲ್ಲಿ ಮಾಡುವ ಸಾಮಾನ್ಯ ಊಟ ಯಾವುದು, ಅದು ಬೇಕು. ವೆಜ್ಜೋ ನಾನ್‌ವೆಜ್ಜೋ ಪ್ರಶ್ನೆಯೇ ಇಲ್ಲ. ತಲೆಮಾಂಸವಾದರೂ ಸರಿ, ತಿಳಿಸಾರಾದರೂ ಸರಿ. ಕೇಳಿ ಬರೆಯಬೇಡಿ, ನೋಡಿ ಬರೆಯಿರಿ, ಯಾಕೆಂದರೆ ಕೇಳಿದರೆ ಅವರು ಅರ್ಧ ಬಿಟ್ಟು ಹೇಳುತ್ತಾರೆ. ಹಿಡಿಯನ್ನು ತೂಗಿ, ಲೋಟವನ್ನು ಅಳೆದು, ಅವರು ಹೇಳಿದ ಮಾತನ್ನೂ ಹಾಗೇ ಬರೆಯಿರಿ. 'ಹಸಿ ವಾಸನೆ ಹೋಗೋ ತನಕ' ಅನ್ನುವುದಕ್ಕೆ ಎಷ್ಟು ನಿಮಿಷ ಅಂತ ನೋಡಿ, ಎರಡನ್ನೂ ಬರೆಯಿರಿ. ನಿಮ್ಮ ಕಡೆಯ ಸೊಪ್ಪಿನ ಹೆಸರು, ಪಾತ್ರೆಯ ಹೆಸರು ನಿಮ್ಮ ಮಾತಿನಲ್ಲೇ ಇರಲಿ. ಯಾರದ್ದು ಅಂತ ಅವರ ಹೆಸರನ್ನು ಮೇಲೆ ಹಾಕಿ, ಅವರನ್ನು ಕೇಳಿಕೊಂಡು. ಕೊನೆಗೆ ಅವರಿಗೆ ಇಷ್ಟವಾದ ಊಟ ಯಾವುದು ಅಂತ ಕೇಳಿ. ಆಮೇಲೆ ಒಂದು ಸಲ ನೀವೇ ಮಾಡಿ. ಮಾಡಿದವರು ಮಾತ್ರ ಕನ್ನಡ ಸಂಘಕ್ಕೆ ಕಳಿಸಿ. ಅಂಥವು ಬಂದರೆ ಈ ಪತ್ರಿಕೆಯಲ್ಲಿ ತಿಂಗಳಿಗೆ ಒಂದಾದರೂ ಹಾಕಬಹುದು ಅಂತ ಸಂಪಾದಕರನ್ನು ಕೇಳಿಕೊಂಡಿದ್ದೇವೆ.

ನಾವು ಮಾಡಿದೆವಾ ಅಂತ ಕೇಳುತ್ತೀರಿ. ಮಾಡಿದೆವು. ರಜೆಯ ಕೊನೇ ದಿನ ಅರಸೀಕೆರೆಯಲ್ಲಿ ನಾವು ಬರೆದುಕೊಂಡ ಹಾಳೆ ನೋಡಿಕೊಂಡು ಬಸ್ಸಾರು ಮಾಡಿದೆವು. ಈ ಸಲ ಕಾಯಿ ತುರಿದದ್ದು ಹುಡುಗರು. ಮುದ್ದೆ ಮಾತ್ರ ಗಂಟಾಯಿತು. ಅಮ್ಮ ತಿಂದು, ಪರವಾಗಿಲ್ಲ ಅಂದರು. ಅಪ್ಪ ಏನೂ ಹೇಳದೆ ಎರಡನೇ ಸಲ ಬಡಿಸಿಕೊಂಡರು.

ಊಟ ಆದಮೇಲೆ ಅಮ್ಮ ಆ ಹಾಳೆ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಓದಿದರು. 'ಉಪ್ಪು: 12 ಗ್ರಾಂ' ಅಂತ ನಾವು ಬರೆದಿದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ನೋಡ್ಕೊಂಡು' ಅಂತ ಬರೆದರು. ಆಮೇಲೆ ಆ ಹಾಳೆಯನ್ನು ಮಡಚಿ, ಗೋಬಿ ಮಂಚೂರಿ ಇದ್ದ ಫೈಲಿನೊಳಗೆ ಇಟ್ಟರು.